ಯೂರಿನ್ ಸ್ಟ್ರಿಪ್ ಡಬ್ಬಿ: ಸ್ಪೈನಾ ಬಿಫಿಡಾ ಇರುವ ಮಗುವಿನ ಮನೆಗೆ ಬೇಕೇ?

ನೂರು ಪಟ್ಟಿಯ ಡಬ್ಬಿ, ಹತ್ತು ಪರೀಕ್ಷೆಯದ್ದು, ಆನ್‌ಲೈನಿನಲ್ಲಿ ತರಿಸಿದ್ದು. ಐದಕ್ಕೆ ಮೂರು ಸ್ಟಾರ್ ಕೊಡುತ್ತಿದ್ದೇನೆ. ಪಟ್ಟಿ ಕೆಲಸ ಮಾಡುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಮಾಡುತ್ತದೆ. ಆದರೆ ನಮ್ಮಂಥವರು ಅದನ್ನು ಕೊಳ್ಳುವುದು ಒಂದು ಪ್ರಶ್ನೆಗೆ, ಅದು ಉತ್ತರ ಕೊಡುವುದು ಇನ್ನೊಂದಕ್ಕೆ. ಕೊಳ್ಳುವ ಮೊದಲು ಇದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಮೂರ್ನಾಲ್ಕು ಕಂಪನಿಯದ್ದು ಬಳಸಿ ನೋಡಿದೆ, ಎಲ್ಲವೂ ಹೆಚ್ಚುಕಡಿಮೆ ಒಂದೇ.

ನಮ್ಮ ಪರಿಸ್ಥಿತಿ ಹೇಳಿಬಿಡುತ್ತೇನೆ. ಊರು ಶಿರಸಿಯ ಒಳಗೊಂದು ಹಳ್ಳಿ, ಅಡಿಕೆ ತೋಟದ ಮನೆ. ಮಗಳಿಗೆ ಒಂಬತ್ತು ವರ್ಷ. ಹುಟ್ಟುವಾಗಲೇ ಬೆನ್ನಿನ ಕೆಳಭಾಗದಲ್ಲಿ ಮೈಲೋಮೆನಿಂಗೊಸೀಲ್ ಎಂಬ ಸ್ಪೈನಾ ಬಿಫಿಡಾ ಇತ್ತು, ಅಂದರೆ ಬೆನ್ನುಹುರಿ ಮುಚ್ಚಿಕೊಳ್ಳದೆ ಹೊರಗೇ ಉಳಿದಿತ್ತು. ಅದರ ಆಪರೇಷನ್ ಆಯಿತು. ತಲೆಯಲ್ಲಿ ನೀರು ತುಂಬಿಕೊಳ್ಳತೊಡಗಿದ್ದರಿಂದ ಶಂಟ್ ಹಾಕಿದರು: ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೇ ಇಳಿದಿರುವ ಸಣ್ಣ ಕೊಳವೆ. ನಮ್ಮದು ಉತ್ತರ ಪ್ರದೇಶದ ಷಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್, ದೇಶದಲ್ಲಿ ಬಹಳ ಮಕ್ಕಳ ತಲೆಯಲ್ಲಿರುವುದು ಅದೇ. ಮೂತ್ರಕೋಶಕ್ಕೆ ನರದ ಹಿಡಿತ ಇಲ್ಲ, ಹಾಗಾಗಿ ಮೂರು ನಾಲ್ಕು ಗಂಟೆಗೊಮ್ಮೆ ಕ್ಯಾಥೆಟರ್, ಅಂದರೆ ತೆಳು ಕೊಳವೆ, ಹಾಕಿ ಮೂತ್ರ ತೆಗೆಯಬೇಕು. ಕಾಲಿಗೆ ಕ್ಯಾಲಿಪರ್, ನಡೆಯಲು ಕಟ್ಟುವ ಆಸರೆ. ಬಾಯಿ ಮಾತ್ರ ಇಡೀ ಕೇರಿಗೆ ಕೇಳುವಷ್ಟು ಜೋರು.

ಇಂಥ ಮಗುವಿನ ಮನೆಯಲ್ಲಿ ದಿನವೂ ಏಳುವ ಪ್ರಶ್ನೆ ಒಂದೇ: ಈಗ ಹೊರಡಬೇಕಾ, ನಾಳೆವರೆಗೆ ನೋಡಬಹುದಾ? ನ್ಯೂರೋಸರ್ಜನ್ ಇರುವ ಆಸ್ಪತ್ರೆ ನಮಗೆ ಹುಬ್ಬಳ್ಳಿಯಲ್ಲಿ. ಮುಂಡಗೋಡ, ತಡಸ ದಾಟಿ ಹೋಗಬೇಕು, ನೂರು ಕಿಲೋಮೀಟರಿನ ಹಾದಿ. ಮಣಿಪಾಲಕ್ಕಾದರೆ ಘಟ್ಟ ಇಳಿಯಬೇಕು, ಮಳೆಗಾಲದಲ್ಲಿ ಆ ಮಾತು ಬೇಡ. ಉತ್ತರ ಕನ್ನಡಕ್ಕೊಂದು ದೊಡ್ಡಾಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆಯವರೆಲ್ಲ ಕೂಗು ಹಾಕಿದ್ದು ಸುಮ್ಮನೆ ಅಲ್ಲ. ಬೆಂಗಳೂರಿನವರಿಗೆ 'ಯಾವುದಕ್ಕೂ ಒಂದು ಸಲ ತೋರಿಸಿಕೊಂಡು ಬನ್ನಿ' ಅನ್ನುವುದು ಸುಲಭ. ನಮಗೆ ಅದು ಒಂದು ದಿನದ ಕೆಲಸ, ಬಾಡಿಗೆ ಕಾರು, ಮಗಳ ಶಾಲೆ. ಮನೆಯಲ್ಲೇ ಏನಾದರೂ ಗೊತ್ತಾಗುವ ಹಾಗಿದ್ದರೆ ಅಂತ ಆಸೆಪಟ್ಟೇ ಈ ಡಬ್ಬಿ ತರಿಸಿದ್ದು.

ಮೊದಲು ವಸ್ತುವಿನ ಬಗ್ಗೆ. ಬೆರಳುದ್ದದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಹತ್ತು ಪುಟ್ಟ ಚೌಕ. ಮೂತ್ರದಲ್ಲಿ ಅದ್ದಿ ತಕ್ಷಣ ತೆಗೆದು, ಅಂಚನ್ನು ಬಟ್ಟಲಿನ ಬಾಯಿಗೆ ಒರೆಸಿ, ಅಡ್ಡಕ್ಕೆ ಹಿಡಿಯಬೇಕು. ನೆಟ್ಟಗೆ ಹಿಡಿದರೆ ಒಂದು ಚೌಕದ ಬಣ್ಣ ಇನ್ನೊಂದಕ್ಕೆ ಇಳಿಯುತ್ತದೆ. ನಮಗೆ ಬೇಕಾದವು ಎರಡು ಚೌಕ. ನೈಟ್ರೈಟ್ ಚೌಕ ಬಿಳಿ ಇದ್ದದ್ದು ಗುಲಾಬಿಯಾದರೆ ಕೆಲವು ಜಾತಿಯ ಬ್ಯಾಕ್ಟೀರಿಯಾ ಇದೆ ಎಂದರ್ಥ. ಅದನ್ನು 60 ಸೆಕೆಂಡಿಗೆ ನೋಡಬೇಕು. ಲ್ಯೂಕೊಸೈಟ್ ಚೌಕ ಕೆನೆ ಬಣ್ಣದಿಂದ ನೇರಳೆಗೆ ತಿರುಗಿದರೆ ಬಿಳಿ ರಕ್ತಕಣ ಇದೆ. ಅದಕ್ಕೆ 2 ನಿಮಿಷ. ಅದು ದಾಟಿದ ಮೇಲೆ ಬರುವ ಬಣ್ಣಕ್ಕೆ ಬೆಲೆ ಇಲ್ಲ. ನಮ್ಮವರು ಒಮ್ಮೆ ಪಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಹಾಲು ಕರೆದು ಬಂದು, 'ಪೂರ್ತಿ ನೇರಳೆ ಆಗಿದೆ ಕಣೇ' ಅಂದರು. ಅಷ್ಟು ಹೊತ್ತಿಗೆ ಯಾರದ್ದಾದರೂ ನೇರಳೆಯೇ.

ಇನ್ನು ಮಲೆನಾಡಿನವರಿಗೆ ಮಾತ್ರ ಹೇಳಬೇಕಾದದ್ದು. ಈ ಚೌಕಗಳಿಗೆ ತೇವ ಕಂಡರಾಗದು. ಆಷಾಢದಲ್ಲಿ ನಮ್ಮಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಇದರ ಪಾಡೇನು. ಡಬ್ಬಿಯ ಒಳಗೆ ತೇವ ಹೀರುವ ಪೊಟ್ಟಣ ಇರುತ್ತದೆ, ಅದನ್ನು ಎಸೆಯಬೇಡಿ. ಮುಚ್ಚಳ ತೆಗೆದು ಒಂದು ಪಟ್ಟಿ ತೆಗೆದ ಕೂಡಲೇ ಬಿಗಿಯಾಗಿ ಮುಚ್ಚಿ. ಬಚ್ಚಲಲ್ಲಿ ಇಡಬೇಡಿ, ಫ್ರಿಜ್ಜಿನಲ್ಲೂ ಇಡಬೇಡಿ. ಬಳಸುವ ಮೊದಲೇ ಚೌಕದ ಬಣ್ಣ ಡಬ್ಬಿಯ ಮೇಲಿನ 'ನೆಗೆಟಿವ್' ಬಣ್ಣಕ್ಕೆ ಹೊಂದದಿದ್ದರೆ ಆ ಪಟ್ಟಿ ಒಲೆಗೆ. ನಮ್ಮ ಒಂದು ಡಬ್ಬಿ ಶ್ರಾವಣ ಬರುವುದರೊಳಗೆ ಅರ್ಧಕ್ಕೇ ಹಾಳಾಯಿತು. ಪಾರ್ಸೆಲ್ ಬಂದಾಗಲೇ ಮುಚ್ಚಳ ಸಡಿಲ ಇತ್ತು. ಮಾರಿದವರಿಗೆ ಬರೆದರೆ 'ತೆರೆದ ವಸ್ತು ವಾಪಸ್ ಇಲ್ಲ' ಎಂಬ ಉತ್ತರ. ತೆರೆಯದೆ ಹಾಳಾಗಿದೆ ಅಂತ ಗೊತ್ತಾಗುವುದಾದರೂ ಹೇಗೆ, ಪುಣ್ಯಾತ್ಮರೇ?

ಇದಿಷ್ಟು ಸಾಮಾನ್ಯ ತಕರಾರು. ನಿಜವಾದ ತೊಂದರೆ ಬೇರೆ.

ಕ್ಯಾಥೆಟರ್ ಹಾಕುವ ಮಕ್ಕಳ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ದಿನಕ್ಕೆ ಅಷ್ಟು ಸಲ ಕೊಳವೆ ಒಳಗೆ ಹೋಗುತ್ತದೆ, ಅವು ಹೋಗದೆ ಇರುತ್ತವೆಯೇ? 1972ರಲ್ಲಿ ಅಮೆರಿಕದ ಮಿಷಿಗನ್ನಿನ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್ ಈ ಪದ್ಧತಿಯನ್ನು ಬರೆದು ತೋರಿಸಿದಾಗ ಹೇಳಿದ್ದೇ ಅದು: ಆಪರೇಷನ್ ಥಿಯೇಟರಿನ ಶುದ್ಧಿ ಬೇಕಿಲ್ಲ, ಸೋಪಿನಲ್ಲಿ ಕೈ ತೊಳೆದು ಸ್ವಚ್ಛವಾಗಿ ಮಾಡಿದರೆ ಸಾಕು; ಮುಖ್ಯವಾದದ್ದು ಮೂತ್ರಕೋಶ ಹಿಗ್ಗದಂತೆ ಹೊತ್ತು ಹೊತ್ತಿಗೆ ಖಾಲಿ ಆಗುವುದು. ಹಾಗಾಗಿ ಒಂದಿಷ್ಟು ಬ್ಯಾಕ್ಟೀರಿಯಾ ಅಲ್ಲಿ ಬಾಡಿಗೆಗೆ ಇದ್ದೇ ಇರುತ್ತವೆ. ಮಗುವಿಗೆ ಜ್ವರ ಇಲ್ಲ, ನೋವಿಲ್ಲ, ಸೋರಿಕೆ ಹೆಚ್ಚಿಲ್ಲ ಅಂದರೆ ಸಾಮಾನ್ಯವಾಗಿ ಅವುಗಳಿಗೆ ಔಷಧಿಯೂ ಬೇಕಿಲ್ಲ. ಸುಮ್ಮನೆ ಆಂಟಿಬಯೋಟಿಕ್ ಕೊಟ್ಟರೆ ಬಡಪಾಯಿ ಬ್ಯಾಕ್ಟೀರಿಯಾ ಸತ್ತು ಗಟ್ಟಿಗ ಉಳಿಯುತ್ತದೆ. ಮುಂದೆ ನಿಜವಾಗಿ ಸೋಂಕಾದಾಗ ಸಿರಪ್ಪಿಗೆ ಬಗ್ಗುವುದಿಲ್ಲ, ಅಡ್ಮಿಟ್ ಆಗಿ ಇಂಜೆಕ್ಷನ್ನೇ ಬೇಕಾಗುತ್ತದೆ.

ಪಟ್ಟಿಗೆ ಇದೆಲ್ಲ ಗೊತ್ತಿಲ್ಲ. ನನ್ನ ಮಗಳು ಅಂಗಳದಲ್ಲಿ ತಮ್ಮನ ಜತೆ ಜಗಳಾಡುತ್ತ, ಎರಡು ದೋಸೆ ತಿಂದು ಮೂರನೆಯದಕ್ಕೆ ಕೈ ಚಾಚುತ್ತಿರುವಾಗಲೂ ಅದು ಗುಲಾಬಿ, ನೇರಳೆ ಎರಡನ್ನೂ ತೋರಿಸುತ್ತದೆ. ಯೂರಾಲಜಿ ಡಾಕ್ಟರಿಗೆ ಫೋನು ಮಾಡಿದರೆ ಅವರು ಕೇಳುವುದು ಪಟ್ಟಿಯ ಬಣ್ಣವನ್ನಲ್ಲ. 'ಜ್ವರ ಇದೆಯಾ? ಆಟ ಆಡ್ತಿದಾಳಾ? ನಡುವೆ ಒದ್ದೆ ಆಗ್ತಿದಾಳಾ?' ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ 'ನೀರು ಜಾಸ್ತಿ ಕುಡಿಸಿ, ಒಂದು ಸಲ ಹೆಚ್ಚಿಗೆ ಕ್ಯಾಥೆಟರ್ ಹಾಕಿ, ಸುಮ್ಮನೆ ಪಟ್ಟಿ ಅದ್ದುತ್ತ ಕೂರಬೇಡಿ' ಅಂತ ಇಟ್ಟುಬಿಡುತ್ತಾರೆ. ಮೂತ್ರ ಸ್ವಲ್ಪ ಕಲಕಾಗಿದೆ, ವಾಸನೆ ಇದೆ ಅನ್ನುವುದಕ್ಕೂ ಇದೇ ಉತ್ತರ.

ಉಲ್ಟಾ ಕೂಡ ಆಗುತ್ತದೆ. ನೈಟ್ರೈಟ್ ತಯಾರಾಗಲು ಮೂತ್ರ ಸುಮಾರು ನಾಲ್ಕು ಗಂಟೆ ಮೂತ್ರಕೋಶದಲ್ಲಿ ನಿಂತಿರಬೇಕು. ನಾವು ಮೂರು ಗಂಟೆಗೇ ತೆಗೆದುಬಿಡುತ್ತೇವೆ. ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ. ವಿಟಮಿನ್ ಸಿ ಮಾತ್ರೆ ತಿಂದಿದ್ದರೂ ಚೌಕ ಸುಳ್ಳು ಹೇಳಬಹುದು. ಪಟ್ಟಿ ಬಿಳಿಯೇ ಇದೆ ಅಂತ 102 ಡಿಗ್ರಿ ಜ್ವರದ ಮಗುವನ್ನು ಮನೆಯಲ್ಲಿ ಮಲಗಿಸಿಕೊಳ್ಳುವ ಹಾಗಿಲ್ಲ.

ಹೋದ ಮಳೆಗಾಲದ ಕತೆ ಹೇಳದೆ ಈ ವಿಮರ್ಶೆ ಮುಗಿಯುವುದಿಲ್ಲ. ಬೆಳಗ್ಗೆ ಎದ್ದವಳೇ ವಾಂತಿ ಮಾಡಿದಳು. ಜ್ವರ ಇಲ್ಲ. ಮಧ್ಯಾಹ್ನ ಸ್ವಲ್ಪ ಗಂಜಿ ಕುಡಿದಳು, ಅದೂ ಹೊರಗೆ ಬಂತು. ತಲೆ ನೋವು ಅಂದಳು. ಮಲಗಿದಳು. ಹಗಲಲ್ಲಿ ಮಲಗುವ ಜಾತಿಯೇ ಅಲ್ಲ ಅದು. ಪಟ್ಟಿ ಅದ್ದಿದರೆ ಎಂದಿನಂತೆ ಗುಲಾಬಿ, ನೇರಳೆ. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ ಪಟ್ಟಿಯ ಫಲಿತಾಂಶ ಕೇಳಿದ್ದೇ ತಡ, 'ಯೂರಿನ್ ಇನ್‌ಫೆಕ್ಷನ್ನು, ವಾಂತಿ ಅದರಿಂದಲೇ' ಅಂತ ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಸಿರಪ್ ಬರೆದರು. ಉತ್ತರ ಸಿಕ್ಕಿಬಿಟ್ಟಿತ್ತಲ್ಲ, ಮುಂದೆ ಯಾರೂ ಹುಡುಕಲಿಲ್ಲ. ಅವಳು ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದಳು. ಹೆಸರು ಹಿಡಿದು ಕರೆದರೆ ಕಣ್ಣು ತೆರೆದು, 'ಊಂ' ಅಂದು, ಮತ್ತೆ ಮುಚ್ಚುತ್ತಿದ್ದಳು. ಶಂಟ್ ಹಾಕಿದ ಆಸ್ಪತ್ರೆಯ ನರ್ಸ್ ನಮಗೆ ಡಿಸ್ಚಾರ್ಜ್ ದಿನ ಹೇಳಿಕೊಟ್ಟದ್ದು ಅದೇ: ವಾಂತಿ, ತಲೆನೋವು, ಮಂಪರು ಮೂರೂ ಸೇರಿದರೆ ಬೇರೆ ಏನು ಕಾರಣ ಸಿಕ್ಕಿದರೂ ಮೊದಲು ಶಂಟ್ ನೋಡಿಸಿ. ಸಿರಪ್ಪಿನ ಚೀಟಿ ಜೇಬಿಗೆ ಹಾಕಿಕೊಂಡು ಅಲ್ಲಿಂದಲೇ ಹುಬ್ಬಳ್ಳಿಗೆ ಹೊರಟೆವು. ತಡಸದ ಹತ್ತಿರ ಮತ್ತೆ ವಾಂತಿ.

ಸಿಟಿ ಸ್ಕ್ಯಾನಿನಲ್ಲಿ ಮೆದುಳಿನ ಒಳಗಿನ ನೀರಿನ ಕೋಣೆಗಳು ದೊಡ್ಡದಾಗಿದ್ದವು, ಅಂದರೆ ಶಂಟ್ ಕೆಟ್ಟಿತ್ತು. ದೊಡ್ಡದಾಗಿವೆ ಅಂತ ಗೊತ್ತಾದದ್ದು ನಾವು ಹಳೆಯ ಸ್ಕ್ಯಾನಿನ ಸಿ.ಡಿ. ಒಯ್ದಿದ್ದರಿಂದ. ಈ ಮಕ್ಕಳ ಕೋಣೆಗಳು ಚೆನ್ನಾಗಿದ್ದಾಗಲೂ ಉಳಿದವರಿಗಿಂತ ದೊಡ್ಡವೇ ಇರಬಹುದು; ಹೋಲಿಸಲು ಹಳೆಯದ್ದು ಇಲ್ಲದಿದ್ದರೆ ರಾತ್ರಿ ಪಾಳಿಯ ಡಾಕ್ಟರಾದರೂ ಏನು ಹೇಳಿಯಾರು? ಕೆಲವು ಮಕ್ಕಳಲ್ಲಿ ಶಂಟ್ ಕೆಟ್ಟರೂ ಸ್ಕ್ಯಾನ್ ಬದಲಾಗುವುದಿಲ್ಲವಂತೆ, ಆಗ ತಾಯಿ ಹೇಳುವ 'ಇವಳು ಹೀಗಿರುವವಳಲ್ಲ' ಎಂಬ ಮಾತನ್ನೇ ತೂಕಕ್ಕೆ ಹಾಕಬೇಕಾಗುತ್ತದೆ. ಅದೇ ರಾತ್ರಿ ಶಂಟ್ ಬದಲಿಸಿದರು. ಮೂತ್ರದ ಕಲ್ಚರಿನಲ್ಲಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬಂತು. ಡಾಕ್ಟರು ಅದನ್ನು ನೋಡಿ, ಫೈಲಿಗೆ ಸೇರಿಸಿ ಸುಮ್ಮನಾದರು.

ಪಟ್ಟಿ ಆ ದಿನ ಸುಳ್ಳು ಹೇಳಲಿಲ್ಲ. ಬ್ಯಾಕ್ಟೀರಿಯಾ ಇತ್ತು, ಇದೆ ಅಂದಿತು. ಆದರೆ ಅದು ಕೊಟ್ಟ ಸಮಾಧಾನ ಅಪಾಯದ್ದು. ಎರಡು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೆ.

ಒಂದು ಅಡ್ಡ ಮಾತು. ಇಂಥ ಅದ್ದುವ ಪಟ್ಟಿಯನ್ನು, ಸಕ್ಕರೆ ಪರೀಕ್ಷೆಗೆ, ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ಎಂಬ ದಂಪತಿ ಅಮೆರಿಕದ ಎಲ್ಕ್‌ಹಾರ್ಟ್ ಊರಿನ ಕಂಪನಿಯಲ್ಲಿ ತಯಾರಿಸಿ ಮಾರುಕಟ್ಟೆಗೆ ತಂದದ್ದು 1956ರಲ್ಲಿ. ಜಾನ್ ಹೋಲ್ಟರ್ ಎಂಬ ಮೆಕ್ಯಾನಿಕ್ ಮಾಡಿದ ಶಂಟ್ ವಾಲ್ವನ್ನು ಫಿಲಡೆಲ್ಫಿಯಾದಲ್ಲಿ ಸರ್ಜನ್ ಯೂಜೀನ್ ಸ್ಪಿಟ್ಜ್ ಬಳಸತೊಡಗಿದ್ದೂ 1956ರಲ್ಲೇ. ಹೋಲ್ಟರ್ ಡಾಕ್ಟರಲ್ಲ, ಬೀಗದ ಕಂಪನಿಯ ನೌಕರ; ಮಗ ಕೇಸಿಗೆ ಸ್ಪೈನಾ ಬಿಫಿಡಾ ಮತ್ತು ತಲೆಯಲ್ಲಿ ನೀರು ಎರಡೂ ಇದ್ದವು, ಅದಕ್ಕೇ ತಾನೇ ಕೂತು ಮಾಡಿದ. ನಮ್ಮ ಕಪಾಟಿನ ಒಂದು ವಸ್ತು, ಮಗಳ ತಲೆಯೊಳಗಿನ ಒಂದು ವಸ್ತು, ಎರಡಕ್ಕೂ ಒಂದೇ ವಯಸ್ಸು. ಯಾಕೋ ಇದು ಗೊತ್ತಾದಾಗ ಖುಷಿಯಾಯಿತು.

ಹಾಗಾದರೆ ಮೂರು ಸ್ಟಾರ್ ಯಾಕೆ? ಕೆಲವು ಕಡೆ ಪಟ್ಟಿ ನಿಜವಾಗಿ ಉಪಯೋಗಕ್ಕೆ ಬಂದಿದೆ. ಜ್ವರ ಬಂದಿದೆ, ಶೀತ ಕೆಮ್ಮು ಇಲ್ಲ, ಸೊಂಟದ ಬದಿ ನೋವು ಅನ್ನುತ್ತಾಳೆ, ಕ್ಯಾಥೆಟರಿನ ನಡುವೆ ಒದ್ದೆಯಾಗುತ್ತಿದ್ದಾಳೆ, ಪಟ್ಟಿಯೂ ಬಣ್ಣ ಬಿಟ್ಟಿದೆ ಅಂದರೆ ಆ ದಿನವೇ ಡಾಕ್ಟರು ನೋಡಬೇಕು. ಮೂತ್ರದ ಸೋಂಕು ಮೇಲೇರಿ ಕಿಡ್ನಿಗೆ ಕಲೆ ಬಿಟ್ಟರೆ ಅದು ಮತ್ತೆ ಸರಿಹೋಗುವುದಿಲ್ಲ. ಆಗ ಮಾಡಬೇಕಾದ ಕೆಲಸ: ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುಂಚೆ, ಹೊಸ ಕ್ಯಾಥೆಟರಿನಿಂದ ತೆಗೆದ ಮೂತ್ರವನ್ನು ಲ್ಯಾಬಿನ ಸ್ಟೆರೈಲ್ ಡಬ್ಬಿಗೆ ಹಾಕಿ ಕಲ್ಚರಿಗೆ ಕೊಡುವುದು. ಲ್ಯಾಬ್ ದೂರ ಇದ್ದರೆ ಐಸ್ ಹಾಕಿದ ಫ್ಲಾಸ್ಕಿನಲ್ಲಿ ಒಯ್ಯಿ. ಮೂತ್ರ ಹಿಡಿಯುವ ಚೀಲದಿಂದ ತೆಗೆದದ್ದು, ಪ್ಯಾಂಪರ್ಸಿನಿಂದ ಹಿಂಡಿದ್ದು ಬೇಡ. ಇನ್ನು ಅದೇ ಜ್ವರ, ಶಂಟ್ ಹಾಕಿ ಇನ್ನೂ ಕೆಲವೇ ತಿಂಗಳು ಆಗಿರುವ ಮಗುವಿಗೆ ಬಂದರೆ ಪಟ್ಟಿ ಏನೇ ಹೇಳಲಿ, ಶಂಟ್ ಹಾಕಿದ ಆಸ್ಪತ್ರೆಗೇ ಹೋಗಬೇಕು. ಶಂಟಿನ ಸೋಂಕು ಬರುವುದು ಹೆಚ್ಚಾಗಿ ಆಪರೇಷನ್ ಆದ ಮೊದಲ ತಿಂಗಳುಗಳಲ್ಲೇ. ಕೊಳವೆ ಹಾದುಹೋದ ಕಡೆ ಕೆಂಪಗೆ, ಊದಿದ ಹಾಗೆ ಕಂಡರೆ, ಹೊಟ್ಟೆ ನೋವು ಅಂದರೆ ಅದೂ ಅಷ್ಟೇ.

ಇನ್ನೊಂದು ಉಪಯೋಗ ಯಾರೂ ಹೇಳುವುದಿಲ್ಲ, ನನಗೆ ಅದೇ ದೊಡ್ಡದು. ಮಗು ಮೊದಲಿಗಿಂತ ಜಾಸ್ತಿ ಒದ್ದೆಯಾಗುತ್ತಿದೆ, ಆದರೆ ಪಟ್ಟಿಯಲ್ಲೂ ಏನಿಲ್ಲ, ಕಲ್ಚರಿನಲ್ಲೂ ಏನಿಲ್ಲ. ಆಗ ಸೋಂಕಿನ ಹಿಂದೆ ಓಡುವುದು ಬಿಟ್ಟು ಬೆನ್ನುಹುರಿಯ ಕಡೆ ನೋಡಬೇಕು. ಆಪರೇಷನ್ ಆದ ಜಾಗದಲ್ಲಿ ಹುರಿ ಅಂಟಿಕೊಂಡು, ಮಗು ಎತ್ತರ ಬೆಳೆದ ಹಾಗೆ ಎಳೆಯಲ್ಪಡುತ್ತದೆ. ಟೆದರ್ಡ್ ಕಾರ್ಡ್ ಅನ್ನುತ್ತಾರೆ. ಬೆನ್ನು ನೋವು, ನಡಿಗೆ ಬದಲಾಗುವುದು, ಹೊಂದುತ್ತಿದ್ದ ಕ್ಯಾಲಿಪರ್ ಹೊಂದದಿರುವುದು, ಒಂದೇ ಚಪ್ಪಲಿ ಒಂದೇ ಬದಿಗೆ ಸವೆಯುವುದು, ಬೆನ್ನು ಓರೆಯಾಗುವುದು ಇವೆಲ್ಲ ಅದರ ಸುಳಿವು. ರಾತ್ರೋರಾತ್ರಿ ಓಡುವ ವಿಷಯ ಅಲ್ಲ, ಆದರೆ ಆರು ತಿಂಗಳ ಮುಂದಿನ ಚೆಕಪ್ಪಿಗೆ ಅಂತ ಇಟ್ಟುಕೊಳ್ಳುವಂಥದ್ದೂ ಅಲ್ಲ. ಆ ವಾರವೇ ಫೋನು ಮಾಡಿ ದಿನ ತೆಗೆದುಕೊಳ್ಳಿ.

ಮಗು ಸಣ್ಣದಿದ್ದರೆ ಈ ಡಬ್ಬಿ ಕೊಳ್ಳಲೇಬೇಡಿ, ಆ ದುಡ್ಡಿಗೆ ಒಳ್ಳೆಯ ಥರ್ಮಾಮೀಟರೂ ಟೈಲರ್ ಟೇಪೂ ತನ್ನಿ. ಟೇಪಿನಿಂದ ತಲೆಯ ಸುತ್ತಳತೆ ಬರೆದಿಡುವುದು ಪಟ್ಟಿಗಿಂತ ಹತ್ತು ಪಾಲು ಹೆಚ್ಚು ಹೇಳುತ್ತದೆ. ಕೂಸು ಸುಮ್ಮನಿದ್ದಾಗ, ಎತ್ತಿ ಕೂರಿಸಿದಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಕಣ್ಣುಗುಡ್ಡೆ ಕೆಳಗಿಳಿದು ಮೇಲೆ ಬಿಳಿ ಕಾಣುತ್ತಿದ್ದರೆ, ಫಿಟ್ಸ್ ಬಂದರೆ ಆಗಲೇ ಹೊರಡಬೇಕು. ಉಸಿರೆಳೆಯುವಾಗ ಗೊರಗೊರ ಸದ್ದು, ಹಾಲು ಕುಡಿಯುವಾಗ ಪದೇಪದೇ ಉಸಿರುಗಟ್ಟುವುದು, ಅಳುವಿನ ದನಿ ಕುಗ್ಗುವುದು, ಮೈ ನೀಲಿಯಾಗುವುದು ಕೂಡ ಹಾಗೆಯೇ. ಈ ಮಕ್ಕಳಲ್ಲಿ ಮೆದುಳಿನ ಹಿಂಭಾಗ ಕತ್ತಿನ ಕಡೆ ಜಾರಿರುತ್ತದೆ, ಕಿಯಾರಿ ಅಂತ ಹೆಸರು. ಅಲ್ಲಿ ಒತ್ತಡ ಬಿದ್ದರೆ ಉಸಿರಿಗೇ ಕುತ್ತು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮನೆಮದ್ದಿಗೆ ಜಾಗವೇ ಇಲ್ಲ.

ಹತ್ತು ಚೌಕದಲ್ಲಿ ಒಂದಕ್ಕೂ ಕಾಣದ ಸಂಗತಿಗಳೂ ಇವೆ. ಕಾಲಿನಲ್ಲಿ ಸ್ಪರ್ಶ ಇಲ್ಲದ ಮಗುವಿಗೆ ಮೂಳೆ ಮುರಿದರೂ ನೋವಾಗುವುದಿಲ್ಲ. ಒಂದು ಕಾಲು ಊದಿ, ಬಿಸಿಯಾಗಿ, ಕೆಂಪಾಗಿ, ಸಣ್ಣ ಜ್ವರವೂ ಬಂದರೆ ಎಲ್ಲರೂ ಸೋಂಕು ಅಂದುಕೊಳ್ಳುತ್ತಾರೆ, ಎಕ್ಸ್‌ರೇ ಕೇಳಿ. ಕ್ಯಾಲಿಪರ್ ಒತ್ತಿದ ಜಾಗದ ಕೆಂಪು ಅರ್ಧ ಗಂಟೆಗೂ ಹೋಗದಿದ್ದರೆ ಅಂದು ಕ್ಯಾಲಿಪರ್ ಬೇಡ, ಚರ್ಮ ಒಡೆದರೆ ಡಾಕ್ಟರಿಗೆ ತೋರಿಸಿ. ಮತ್ತೆ ಲೇಟೆಕ್ಸ್. ಈ ಮಕ್ಕಳಿಗೆ ರಬ್ಬರಿನ ಅಲರ್ಜಿ ಉಳಿದವರಿಗಿಂತ ಬಹಳ ಹೆಚ್ಚು. ಹುಟ್ಟುಹಬ್ಬದ ಬಲೂನು ಊದಿ ತುಟಿ ದಪ್ಪಗಾಗಿ, ಮೈಯೆಲ್ಲ ದದ್ದು ಎದ್ದು, ಉಸಿರು ಸುಂಯ್ ಅಂದರೆ ಹತ್ತಿರದ ಆಸ್ಪತ್ರೆ ಯಾವುದೋ ಅದು. ಅಡ್ರಿನಲಿನ್ ಇಂಜೆಕ್ಷನ್ ಬೀಳಬೇಕು. ಡಬ್ಬಿಯ ಜತೆ 'ಉಚಿತ' ಅಂತ ಎರಡು ಜತೆ ಕೈಗವಸು ಕಳಿಸಿದ್ದರು, ಲೇಟೆಕ್ಸಿನವು. ನೋಡಿ ಎಸೆದೆ. ನಿಮಗೂ ಬಂದರೆ ಎಸೆಯಿರಿ, ಬೇಕಿದ್ದರೆ ನೈಟ್ರೈಲಿನವು ಕೊಳ್ಳಿ.

ಮಲಬದ್ಧತೆಯ ಮಾತು ಬಿಟ್ಟೆ. ಹೊಟ್ಟೆ ಕಟ್ಟಿದರೆ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಸೋಂಕು ಹೆಚ್ಚುತ್ತದೆ. ಹೊಟ್ಟೆಯೊಳಗೆ ಒತ್ತಡ ಏರಿದರೆ ಶಂಟಿನ ನೀರು ಇಳಿಯುವುದಕ್ಕೂ ತೊಡಕಾಗಬಹುದು. ಹಾಗಂತ ವಾಂತಿ, ಮಂಪರು ಬಂದಾಗ 'ಹೊಟ್ಟೆ ಕಟ್ಟಿದೆ, ಎನಿಮಾ ಕೊಟ್ಟು ನೋಡೋಣ' ಅಂತ ಮನೆಯಲ್ಲಿ ಕೂರಬಾರದು.

ಕೊಳ್ಳುವುದಾದರೆ: ಮಗುವಿಗೆ ಕ್ಯಾಥೆಟರ್ ಶುರುವಾಗಿದ್ದು, ನಿಮ್ಮ ಯೂರಾಲಜಿ ಡಾಕ್ಟರು 'ಜ್ವರ ಬಂದಾಗ ಅದ್ದಿ ನೋಡಿ ಫೋನು ಮಾಡಿ' ಅಂದಿದ್ದರೆ ಕೊಳ್ಳಿ. ವಾರಕ್ಕೊಮ್ಮೆ ಸುಮ್ಮನೆ ನೋಡಲು ಬೇಡ, ನಿದ್ದೆ ಕೆಡುವುದು ನಿಮ್ಮದೇ. ನೂರರ ಡಬ್ಬಿ ಅಗ್ಗ ಕಾಣುತ್ತದೆ, ಆದರೆ ತೆರೆದ ಮೇಲೆ ಹಲವು ಕಂಪನಿಯವರು ಮೂರು ತಿಂಗಳೊಳಗೆ ಬಳಸಿ ಅನ್ನುತ್ತಾರೆ. ಸಣ್ಣ ಡಬ್ಬಿ ಸಿಕ್ಕರೆ ಅದನ್ನೇ ತಗೊಳ್ಳಿ. ತೆರೆದ ತಾರೀಕು ಮುಚ್ಚಳದ ಮೇಲೆ ಬರೆಯಿರಿ. ನಾನು ಈಗ ಡಬ್ಬಿಯನ್ನು ಹಳೆಯ ಸಿಟಿಯ ಸಿ.ಡಿ., ಶಂಟಿನ ಮಾದರಿ ಬರೆದ ಡಿಸ್ಚಾರ್ಜ್ ಚೀಟಿ, ಕೊನೆಯ ಕಲ್ಚರ್ ರಿಪೋರ್ಟು, ಎರಡು ದಿನಕ್ಕಾಗುವಷ್ಟು ಕ್ಯಾಥೆಟರು, 'ಲೇಟೆಕ್ಸ್ ಬೇಡ' ಅಂತ ದಪ್ಪಕ್ಷರದಲ್ಲಿ ಬರೆದ ಕಾಗದ, ಇವೆಲ್ಲ ಇರುವ ಚೀಲದಲ್ಲಿ ಹಾಕಿಟ್ಟಿದ್ದೇನೆ. ಅದು ಬಾಗಿಲ ಹಿಂದಿನ ಗೂಟದಲ್ಲಿರುತ್ತದೆ. ಕಾರಿನ ಬಾಡಿಗೆಯವರ ನಂಬರೂ ಅದರ ಮೇಲೇ ಇದೆ, ನೆಟ್‌ವರ್ಕ್ ಸಿಗುವುದು ಮಾತ್ರ ತೋಟದ ದಣಪೆ ದಾಟಿದ ಮೇಲೆ.